ಪ್ರಿಂಟರ್ ಕೆಟ್ಟಿಲ್ಲ ಅತ್ತೆ, ಹೊಸದು ತರಬೇಡಿ

ಅತ್ತೆ, ನೀವು ಬೆಳಿಗ್ಗೆ ಕಳಿಸಿದ ವಾಯ್ಸ್ ಮೆಸೇಜ್ ಈಗ ಕೇಳಿದೆ. ಸೋಮವಾರ ರೂಟರ್ ಬದಲಾಯಿಸಿ ಹೋದ್ರು, ಅವತ್ತಿಂದ ಪ್ರಿಂಟರ್ ಆಫ್‌ಲೈನ್ ಅಂತ ತೋರಿಸ್ತಿದೆ, ಮಾವ ಸಂಜೆ ಹೊಸ ಪ್ರಿಂಟರ್ ತರೋಕೆ ಹೊರಟಿದ್ದಾರೆ ಅಂದ್ರಲ್ಲ, ಮೊದಲು ಮಾವನ್ನ ತಡೀರಿ. ಅದರಲ್ಲೇ ಜೆರಾಕ್ಸ್ ಚೆನ್ನಾಗಿ ಬರ್ತಿದೆ ಅಂತ ನೀವೇ ಹೇಳಿದ್ದೀರಿ. ಜೆರಾಕ್ಸ್ ಬರ್ತಿದೆ ಅಂದ್ಮೇಲೆ ಹೆಡ್ಡು, ಇಂಕು ಎಲ್ಲಾ ಸರಿ ಇದೆ ಅಂತಲೇ ಅರ್ಥ.

ಪುಟ್ಟಿ ಹಾಲ್ ಟಿಕೆಟ್ ನಾಳೆಗೇ ಬೇಕಲ್ವಾ? ಅದಕ್ಕೆ ವೈಫೈ ಸರಿಯಾಗೋವರೆಗೂ ಕಾಯಬೇಡಿ. ಪ್ರಿಂಟರ್ ಡಬ್ಬದಲ್ಲಿ ಒಂದು ಕಡೆ ಚೌಕದ ತುದಿ ಇರೋ ಯುಎಸ್‌ಬಿ ಕೇಬಲ್ ಬಂದಿರಬಹುದು, ಹುಡುಕಿ. ಅದನ್ನ ಲ್ಯಾಪ್‌ಟಾಪಿಗೆ ಚುಚ್ಚಿ, ಪ್ರಿಂಟ್ ಕೊಡಿ.

ಈಗ ವೈಫೈ ವಿಷಯ. ಪ್ರಿಂಟರ್ ಹಳೇ ವೈಫೈ ಹೆಸರು, ಪಾಸ್‌ವರ್ಡ್ ನೆನಪಿಟ್ಕೊಂಡು ಅದನ್ನೇ ಹುಡುಕ್ತಾ ಕೂತಿದೆ. ಫೋನಿಗೆ, ಟೀವಿಗೆ ಹೊಸ ಪಾಸ್‌ವರ್ಡ್ ಹಾಕಿದ್ರಿ, ಪ್ರಿಂಟರಿಗೆ ಯಾರೂ ಹಾಕಿಲ್ಲ. ನನಗೆ ಕಂಡಂತೆ ಎಲ್ಲಕ್ಕಿಂತ ಸುಲಭದ ದಾರಿ ಅಂದ್ರೆ, ಹೊಸ ರೂಟರಿಗೆ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಇಟ್ಟುಬಿಡೋದು. ಒಂದಕ್ಷರವೂ ಹೆಚ್ಚುಕಮ್ಮಿ ಆಗಬಾರದು, ಕ್ಯಾಪಿಟಲ್, ಸ್ಮಾಲ್, ಮಧ್ಯದ ಸ್ಪೇಸ್ ಕೂಡ ಹಾಗೇ ಇರಬೇಕು. ಆಮೇಲೆ ಪ್ರಿಂಟರನ್ನ ಆಫ್ ಮಾಡಿ ಆನ್ ಮಾಡಿ, ಸಾಮಾನ್ಯವಾಗಿ ತಾನಾಗೇ ಸೇರ್ಕೊಳ್ಳುತ್ತೆ.

ಸೇರಲಿಲ್ಲ ಅಂದ್ರೆ 2.4 ನೋಡಿ. ಹೊಸ ರೂಟರ್‌ಗಳಲ್ಲಿ 2.4, 5 ಗಿಗಾಹರ್ಟ್ಸ್ ಅಂತ ಎರಡು ವೈಫೈ ಬ್ಯಾಂಡ್ ಇರುತ್ತೆ. ಮನೆಯಲ್ಲಿಟ್ಟುಕೊಳ್ಳೋ ಎಷ್ಟೋ ಪ್ರಿಂಟರ್‌ಗಳು 2.4 ಒಂದನ್ನೇ ಹಿಡಿಯೋದು. ಎರಡಕ್ಕೂ ಒಂದೇ ಹೆಸರಿದ್ದು ತೊಂದರೆ ಕೊಟ್ರೆ, 2.4ಕ್ಕೆ ಹಳೇ ಹೆಸರು ಬಿಟ್ಟು 5ಕ್ಕೆ ಬೇರೆ ಹೆಸರಿಡಿ. ಲ್ಯಾಪ್‌ಟಾಪ್ 5ರಲ್ಲಿದ್ರೂ ಪರವಾಗಿಲ್ಲ, ರೂಟರ್ ಒಂದೇ ಆದ್ದರಿಂದ ಎರಡೂ ಒಂದಕ್ಕೊಂದು ಸಿಗುತ್ತೆ. ಗೆಸ್ಟ್ ವೈಫೈಗೆ ಮಾತ್ರ ಹಾಕಬೇಡಿ, ಅದರಲ್ಲಿ ಸಾಮಾನ್ಯವಾಗಿ ಒಂದರಿಂದ ಇನ್ನೊಂದಕ್ಕೆ ಸಂಪರ್ಕ ಇರಲ್ಲ. ರೂಟರಿನ ವೈಫೈ ಸೆಕ್ಯುರಿಟಿ ಸೆಟ್ಟಿಂಗಲ್ಲಿ ಡಬ್ಲ್ಯೂಪಿಎ3 ಅನ್ನೋ ಹೊಸ ಬಗೆ ಮಾತ್ರ ಅಂತಿದ್ರೂ ಹಳೇ ಪ್ರಿಂಟರ್ ಸಾಮಾನ್ಯವಾಗಿ ಸೇರಲ್ಲ, ಅದರ ಹಿಂದಿನ ಬಗೆ ಡಬ್ಲ್ಯೂಪಿಎ2 ಮಾಡ್ಬೇಕು.

ಇನ್ನೊಂದು, ಇದು ಮುಖ್ಯ. ನಮ್ಮನೇಲಿ ಹೋದ ವರ್ಷ ಪ್ರಿಂಟರಿನ ವೈಫೈ ಲೈಟು ನೆಟ್ಟಗೆ ಉರೀತಿದ್ರೂ ಲ್ಯಾಪ್‌ಟಾಪ್ ಆಫ್‌ಲೈನ್ ಅಂತಲೇ ಹೇಳ್ತಿತ್ತು. ಎರಡು ಸಂಜೆ ಅದರ ಹಿಂದೆ ಬಿದ್ದಿದ್ದೆ. ಕೊನೆಗೆ ಗೊತ್ತಾಗಿದ್ದು, ಹಳೇ ರೂಟರ್ ಪ್ರಿಂಟರಿಗೆ 192.168.1 ಅಂತ ಶುರುವಾಗೋ ನೆಟ್‌ವರ್ಕ್ ವಿಳಾಸ ಕೊಡ್ತಿತ್ತು, ಹೊಸದು 192.168.29 ಅಂತ ಕೊಡುತ್ತೆ. ಲ್ಯಾಪ್‌ಟಾಪ್ ಮಾತ್ರ ಹಳೇ ವಿಳಾಸಕ್ಕೇ ಕಳಿಸ್ತಿತ್ತು. ಸೆಟ್ಟಿಂಗ್ಸಲ್ಲಿ ಪ್ರಿಂಟರನ್ನ ತೆಗೆದು ಮತ್ತೆ ಸೇರಿಸಿದ ತಕ್ಷಣ ಸರಿಹೋಯ್ತು. ನೀವೂ ಹಾಗೇ ಮಾಡಿ. ಪ್ರಿಂಟರಿನ ಮೆನುವಲ್ಲೇ ಯಾರಾದ್ರೂ ಆ ಹಳೇ ನಂಬರನ್ನ ಕೈಯಾರೆ ಹಾಕಿದ್ರೆ, ಅದನ್ನ ಆಟೋಮ್ಯಾಟಿಕ್‌ಗೆ ಬದಲಾಯಿಸಿ.

ಹಳೇ ಪಾಸ್‌ವರ್ಡ್ ಮರೆತಿದ್ರೆ ಗಾಬರಿ ಬೇಡ. ಹೊಸ ರೂಟರಲ್ಲಿ ಡಬ್ಲ್ಯೂಪಿಎಸ್ ಅಂತ, ಪಾಸ್‌ವರ್ಡ್ ಹಾಕದೇ ವೈಫೈಗೆ ಸೇರಿಸೋ ಬಟನ್ ಇದ್ರೆ ಅದನ್ನ ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ವೈಫೈ ಬಟನನ್ನ ಲೈಟು ಮಿಣುಕೋವರೆಗೂ ಒತ್ತಿ ಹಿಡೀರಿ.

ರೂಟರಿನ ಕೆಳಗೆ ಅಂಟಿಸಿರೋ ಚೀಟಿ ಫೋಟೋ ತೆಗೆದು ನನಗೊಬ್ಬನಿಗೇ ಕಳಿಸಿ ಅತ್ತೆ, ಪಾಸ್‌ವರ್ಡ್ ಇರುತ್ತೆ, ಗ್ರೂಪಲ್ಲಿ ಹಾಕ್ಬೇಡಿ. ಎಂಟು ಗಂಟೆಗೆ ವಿಡಿಯೋ ಕಾಲ್ ಮಾಡ್ತೀನಿ, ಮಾವನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ.