ದೇವರ ಕರೆ ಅಂತ ಖಚಿತ ಆಗೋದು ಹೇಗೆ? ಕೆಲಸ ಬಿಟ್ಟು ಮಿಷನ್‌ಗೆ ಹೋಗ್ಬೇಕಾ?

ಸುಂಟಿಕೊಪ್ಪದವ:

ಎಲ್ರಿಗೂ ವಂದನೆ. ಇಷ್ಟು ದಿನ ಬರೀ ಓದ್ತಾ ಇದ್ದೆ, ಇವತ್ತು ಕೇಳೇಬಿಡೋಣ ಅನ್ನಿಸ್ತು. ನನಗೆ 27 ವರ್ಷ, ಕುಶಾಲನಗರದಲ್ಲಿ ಒಂದು ಕಾಫಿ ವರ್ಕ್ಸ್‌ನಲ್ಲಿ ಅಕೌಂಟ್ಸ್ ನೋಡ್ತೀನಿ. ಮನೇಲಿ ಅಪ್ಪ ಅಮ್ಮ, ಓದ್ತಿರೋ ತಂಗಿ, ಮೂರು ಎಕರೆ ರೋಬಸ್ಟಾ, ಅದರ ಮೇಲೆ ಸೊಸೈಟಿ ಸಾಲ. ಹೋದ ವರ್ಷ ನಮ್ಮ ಸಭೆಗೆ ಜಾರ್ಖಂಡ್‌ನಲ್ಲಿ ಸೇವೆ ಮಾಡೋರೊಬ್ರು ಬಂದು ಸಾಕ್ಷಿ ಹೇಳಿದ್ರು. ಆವತ್ತಿಂದ ಮನಸ್ಸು ಒಂದ್ಕಡೆ ನಿಲ್ತಿಲ್ಲ, ಬೈಬಲ್ ತೆಗೆದ್ರೆ ಯೆಶಾಯ 6, ಇಲ್ಲಾಂದ್ರೆ ಮತ್ತಾಯ 28, ಎಲ್ಲಿ ನೋಡಿದ್ರೂ ಹೋಗು ಹೋಗು ಅಂತಾನೇ ಕಾಣುತ್ತೆ. ಆಮೇಲೆ ಒಂದು ಕನ್ವೆನ್ಷನ್‌ನಲ್ಲಿ ಹೊರಗಿಂದ ಬಂದ ಪಾಸ್ಟರ್ ಒಬ್ರು ನನ್ನ ಪರಿಚಯಾನೇ ಇಲ್ದೆ ತಲೆ ಮೇಲೆ ಕೈಯಿಟ್ಟು ನಿನ್ನನ್ನ ಉತ್ತರದ ಕಡೆ ನೋಡ್ತಾ ಇದೀನಿ ಅಂದ್ಬಿಟ್ರು.

ನನ್ನ ಪ್ರಶ್ನೆ ಏನಂದ್ರೆ, ಇದು ನಿಜವಾಗ್ಲೂ ಕರೆಯಾ, ಇಲ್ಲಾ ದಿನಾ ಅದೇ ವೋಚರ್ ಅದೇ ಜಿಎಸ್‌ಟಿ ಅಂತ ಬೇಜಾರಾಗಿ ಎಲ್ಲಾದ್ರೂ ಓಡಿಹೋಗ್ಬೇಕು ಅನ್ನೋ ಆಸೆಗೆ ನಾನೇ ದೇವರ ಹೆಸರು ಇಟ್ಕೊಂಡಿದೀನಾ? ಅಪ್ಪನಿಗೆ ಇನ್ನೂ ಹೇಳಿಲ್ಲ. ಮಾರ್ಚಲ್ಲಿ ಕೊಯ್ಲು ಮುಗಿದ ಮೇಲೆ ರಾಜೀನಾಮೆ ಕೊಡೋದು ಅಂತ ಒಳಗೊಳಗೇ ಲೆಕ್ಕ ಹಾಕ್ತಾ ಇದೀನಿ. ಅನುಭವ ಇರೋರು ಹೇಳಿ ಪ್ಲೀಸ್.

—

ಮಳೆಗಾಲ:

ಮೊದ್ಲು ಸೊಸೈಟಿ ಸಾಲ ತೀರ್ಸಪ್ಪ. ತಮಾಷೆಗಲ್ಲ, ಗೋಪುರ ಕಟ್ಟೋನು ಮೊದ್ಲು ಕೂತ್ಕೊಂಡು ಖರ್ಚು ಲೆಕ್ಕ ಹಾಕ್ಬೇಕು ಅಂತ ಲೂಕ 14ರಲ್ಲಿ ಸ್ವಾಮಿನೇ ಹೇಳಿದಾರೆ, ಅಕೌಂಟ್ಸ್‌ನೋನಿಗೆ ಇದಕ್ಕಿಂತ ಒಳ್ಳೆ ವಚನ ಸಿಗಲ್ಲ.

—

ಮಡಿಕೇರಿ ಟೀಚರ್:

ತಮ್ಮಾ, ಬೇಜಾರು ಇರೋದ್ರಿಂದ ಕರೆ ಸುಳ್ಳು ಅಂತೇನಿಲ್ಲ. ದೇವರು ಬೇಜಾರನ್ನೂ ಉಪಯೋಗಿಸ್ತಾರೆ. ಆದ್ರೆ ನಿನ್ನ ಪೋಸ್ಟ್ ಓದಿದಾಗ ನಂಗೆ ಕಣ್ಣಿಗೆ ಬಿದ್ದಿದ್ದು ಬೇರೆ. ಹೊರಗಿಂದ ಬಂದ ಸೇವಕರು, ಹೊರಗಿಂದ ಬಂದ ಪಾಸ್ಟರ್, ಇಬ್ರ ಮಾತೂ ಇದೆ, ನಿನ್ನನ್ನ ಸಂಡೇ ಸ್ಕೂಲಿಂದ ನೋಡಿರೋ ನಿನ್ನ ಸಭೆಯವರ ಒಂದು ಮಾತೂ ಇಲ್ಲ, ಅಪ್ಪಂಗೂ ಹೇಳಿಲ್ಲ ಅಂತೀಯ.

ಅಪೊಸ್ತಲರ ಕೃತ್ಯಗಳು 13 ತೆಗೆದು ನೋಡು. ಪೌಲನಿಗೆ ದಮಸ್ಕದ ದಾರೀಲೇ ಕರೆ ಬಂದಿತ್ತು, ಅಲ್ಲಿನ ಶಿಷ್ಯ ಅನನೀಯನ ಬಾಯಲ್ಲಿ ಅದು ಗಟ್ಟಿನೂ ಆಗಿತ್ತು. ಆದ್ರೂ ಅಂತಿಯೋಕ್ಯದಿಂದ ಹೊರಡೋಕೆ ಎಷ್ಟೋ ವರ್ಷ ಹಿಡೀತು, ಹೊರಟಾಗ್ಲೂ ಅವನೊಬ್ನೇ ಬ್ಯಾಗ್ ತಗೊಂಡು ಹೊರಡ್ಲಿಲ್ಲ, ಸಭೆಯವರು ಉಪವಾಸ ಇದ್ದು ಪ್ರಾರ್ಥನೆ ಮಾಡಿ ಬಾರ್ನಬನ್ನೂ ಸೌಲನ್ನೂ (ಪೌಲನೇ ಈ ಸೌಲ) ಕೈಯಿಟ್ಟು ಕಳಿಸಿದ್ರು. 16ನೇ ಅಧ್ಯಾಯ ಇನ್ನೂ ಚೆನ್ನಾಗಿದೆ. ಆಸ್ಯಕ್ಕೆ (ಈಗಿನ ಟರ್ಕಿಯ ಪಶ್ಚಿಮ ಭಾಗ) ಹೋಗ್ಬೇಕು ಅಂದ್ರೆ ಬೇಡ ಅಂತಾಯ್ತು, ಬಿಥೂನ್ಯಕ್ಕೆ ಅಂದ್ರೆ ಅದೂ ಬೇಡ, ತ್ರೋವದಲ್ಲಿ ರಾತ್ರಿ ಮಕೆದೋನ್ಯದವನೊಬ್ಬ ಬಾ ಅಂತ ಕರೆದ ಹಾಗೆ ದರ್ಶನ. ದರ್ಶನ ಕಂಡಿದ್ದು ಪೌಲ ಒಬ್ನಿಗೆ, ಆದ್ರೆ ಇದು ದೇವರ ಕರೆನೇ ಅಂತ ನಿಶ್ಚಯ ಮಾಡ್ಕೊಂಡಿದ್ದು ನಾವು ಅಂತ ಬರೀತಾನೆ ಲೂಕ. ಸೀಲ, ತಿಮೊಥೆ, ಎಲ್ರೂ ಕೂತು. ಅಲ್ಲಿಗೆ ಹೋದ್ಮೇಲೆ ಮೊದ್ಲು ಮಾತು ಕೇಳಿದ್ದು ಯಾರು? ಕನಸಲ್ಲಿ ಕರೆದ ಗಂಡಸಲ್ಲ, ಹೊಳೆ ಹತ್ರ ಪ್ರಾರ್ಥನೆಗೆ ಕೂತಿದ್ದ ಹೆಂಗಸರು, ಅವರಲ್ಲಿ ಲುದ್ಯ. ಅವಳ ಊರು ಥುವತೈರ, ಅದಿರೋದು ಎಲ್ಲಿ ಗೊತ್ತಾ, ಆಸ್ಯದಲ್ಲೇ! ಪೌಲನಿಗೆ ಬೇಡ ಅಂದಿದ್ದ ಅದೇ ಆಸ್ಯ.

ಇದನ್ನ ಯಾಕೆ ಇಷ್ಟು ಎಳೀತಿದೀನಿ ಅಂದ್ರೆ, ನಿನ್ನ ಸುತ್ತಮುತ್ತ ಎಸ್ಟೇಟ್ ಕೂಲಿಯವರ ಲೈನ್ ಮನೆಗಳಲ್ಲಿ ಈಗ ಇರೋರು ಯಾರು? ಅಸ್ಸಾಂ, ಜಾರ್ಖಂಡ್, ಬಂಗಾಳ. ನಾನು ರಿಟೈರ್ ಆಗೋ ಹೊತ್ತಿಗೆ ನಮ್ಮ ಸ್ಕೂಲಿಗೂ ಆ ಮಕ್ಕಳು ಬರೋಕೆ ಶುರುವಾಗಿದ್ರು, ಕನ್ನಡ ಒಂದಕ್ಷರ ಬರಲ್ಲ, ಹಿಂದಿನ ಬೆಂಚಲ್ಲಿ ಸ್ವೆಟರ್ ತೋಳನ್ನ ಬಾಯಲ್ಲಿಟ್ಕೊಂಡು ಕೂತಿರ್ತಿದ್ವು. ಕೊಯ್ಲು ಮುಗೀತಿದ್ದ ಹಾಗೆ ಅರ್ಧ ವರ್ಷಕ್ಕೇ ಟಿಸಿನೂ ತಗೊಳ್ದೆ ಬೇರೆ ತೋಟಕ್ಕೆ ಹೊರಟುಹೋಗ್ತಿದ್ವು. ನೀನು ಜಾರ್ಖಂಡ್‌ಗೆ ಹೋಗ್ಬೇಡ ಅಂತಲ್ಲ ನಾನು ಹೇಳ್ತಿರೋದು, ಅವರ ಹೆಸರು ಕೇಳಿದೀಯಾ ಅಂತಷ್ಟೇ.

—

ವಾಪಸ್ ಬಂದವ:

ನಾನು ಹೋಗಿದ್ದೆ, ಜಾರ್ಖಂಡ್‌ಗೇ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ.

ಸಾಕ್ಷಿ ಹೇಳೋವಾಗ ಯಾರೂ ಹೇಳದೇ ಇರೋ ವಿಷ್ಯ ಅಂದ್ರೆ ಮೊದಲಿನ ದಿನಗಳು. ಹೋದ ತಕ್ಷಣ ಪ್ರಸಂಗ ಮಾಡೋದು ಅಂತೇನಿಲ್ಲ, ಭಾಷೆ ಕಲಿಯೋದೇ ಕೆಲಸ. ಹಿಂದಿ ಬಂದ್ರೆ ಸಾಕು ಅಂದ್ಕೊಂಡಿದ್ದೆ, ಸಂತೇಲಿ ಸಾದ್ರಿ, ಒಳಗಡೆ ಹಳ್ಳಿಗೆ ಹೋದ್ರೆ ಮುಂಡಾರಿ, ಇನ್ನೊಂದ್ಕಡೆ ಕುರುಖ್. (ಕುರುಖ್ ನಮ್ಮ ಕನ್ನಡದ ಥರಾನೇ ದ್ರಾವಿಡ ಭಾಷೆ, ಗೊತ್ತಾದಾಗ ಖುಷಿಯಾಯ್ತು, ಆದ್ರೆ ಮಾತಾಡೋಕೆ ಹೋದ್ರೆ ಏನೂ ಉಪಯೋಗ ಆಗ್ಲಿಲ್ಲ ಬಿಡಿ.) ಅಷ್ಟು ದೊಡ್ಡೋನು ಚಿಕ್ ಮಕ್ಕಳ ಹತ್ರ ಪದ ಕೇಳ್ಕೊಂಡು ನೋಟ್‌ಬುಕ್‌ನಲ್ಲಿ ಬರ್ಕೊಂಡು ತಪ್ಪು ಹೇಳಿ ನಗೆಪಾಟಲಾಗ್ತಾ ಇರೋದು. ಸಂಜೆ ಆದ್ರೆ ಕರೆಂಟ್ ಇಲ್ಲ, ಮಾತಾಡೋಕೆ ಜನ ಇಲ್ಲ, ಊರಲ್ಲಿ ಹುತ್ತರಿ ಗದ್ದಲ ಅಂತ ವಾಟ್ಸಾಪ್‌ನಲ್ಲಿ ಫೋಟೋ ಬರ್ತಿತ್ತು, ಯಾಕ್ ಬಂದ್ನಪ್ಪಾ ಅನ್ಸೋದು. ಆ ಹೊತ್ತಲ್ಲಿ ಕನ್ವೆನ್ಷನ್‌ನಲ್ಲಿ ಆಗಿದ್ದ ರೋಮಾಂಚನ ಒಂಚೂರೂ ಕೈ ಹಿಡಿಯಲ್ಲ. ನನ್ನನ್ನ ನಿಲ್ಸಿದ್ದು ಏನಂದ್ರೆ, ನಮ್ಮ ಸಭೆಯ ಹಿರಿಯರೊಬ್ರು ಫೋನ್ ಮಾಡಿ ಪ್ರಾರ್ಥನೆ ಕೂಡ ಮಾಡ್ದೆ ಊಟ ಆಯ್ತಾ ಅಂತ ಕೇಳಿ ಕಾಫಿ ರೇಟ್ ಹೇಳಿ ಇಡ್ತಿದ್ರು. ಸಭೆ ಕಳಿಸೋದು ಅಂದ್ರೆ ನಂಗೆ ಅರ್ಥ ಆಗಿದ್ದು ಅದ್ರಲ್ಲಿ.

ಇನ್ನು ಪ್ರಾಕ್ಟಿಕಲ್ ವಿಷ್ಯ. ಯಾವ ಒಳ್ಳೆ ಮಿಷನ್ ಸಂಸ್ಥೆನೂ ಕಣ್ಣೀರು ನೋಡಿ ತಗೊಳಲ್ಲ, ಸಭಾಪಾಲಕರ ಪತ್ರ ಕೇಳ್ತಾರೆ, ಮೆಡಿಕಲ್ ಮಾಡಿಸ್ತಾರೆ, ಸಾಲ ಇದ್ಯಾ ಅಂತ ಕೇಳ್ತಾರೆ, ಟ್ರೈನಿಂಗ್ ಕೊಡ್ತಾರೆ. ಏನೂ ಕೇಳ್ದೆ ನಾಳೇನೇ ಬಾ ಅನ್ನೋರಿದ್ರೆ ದೂರ ಇರು. ರಾಜೀನಾಮೆಗಿಂತ ಮುಂಚೆ ರಜೆ ಹಾಕಿ ಹೋಗಿ ನೋಡ್ಕೊಂಡು ಬಾ, ಮೀಟಿಂಗ್ ಇರೋ ವಾರ ಅಲ್ಲ, ಏನೂ ಇಲ್ದೇ ಇರೋ ವಾರ.

ನಾನು ವಾಪಸ್ ಬಂದಿದ್ದು ಅಮ್ಮನಿಗೆ ಸ್ಟ್ರೋಕ್ ಆಗಿ. ಕೆಲವರು ನೇಗಿಲ ಮೇಲೆ ಕೈಯಿಟ್ಟು ಹಿಂದೆ ನೋಡಿದ ಅಂದ್ರು, ಅನ್ಲಿ. ಪೌಲನ ಜೊತೆ ಹೊರಟಿದ್ದ ಮಾರ್ಕನೂ ಪಂಫುಲ್ಯದಿಂದ ವಾಪಸ್ ಹೋದ, ಕೊನೆಗೆ ಪೌಲನೇ ಅವನನ್ನ ಕರ್ಕೊಂಡು ಬಾ, ಸೇವೆಗೆ ಬೇಕಾದವನು ಅಂತ ತಿಮೊಥೆಗೆ ಬರೆದ.

—

ವಿರಾಜಪೇಟೆ ಹುಡುಗಿ:

ನಾವು ಕ್ಯಾಥೋಲಿಕ್ಸ್, ಸಂತ ಅನ್ನಮ್ಮ ಚರ್ಚಿನವ್ರು, 1792ರದ್ದು ಅಂತ ಇಲ್ಲಿ ಎಲ್ರಿಗೂ ಹೆಮ್ಮೆ. ನನ್ನ ಅಣ್ಣ ಫಾದರ್ ಆಗೋಕೆ ಗುರುಮಠದಲ್ಲಿ ಓದ್ತಿದಾನೆ, ಹಾಗಾಗಿ ದೈವಕರೆ ಅನ್ನೋ ಮಾತು ಮನೇಲಿ ದಿನಾ ಕೇಳಿ ಕೇಳಿ ಸಾಕಾಗಿದೆ 😄

ಆದ್ರೆ ಒಂದು ವಿಷ್ಯ ನಿಮಗೆ ಉಪಯೋಗ ಆಗ್ಬಹುದು. ಲೊಯೋಲಾದ ಸಂತ ಇಗ್ನೇಷಿಯಸ್ ಗೊತ್ತಲ್ವಾ, ಯೇಸು ಸಭೆ (ಜೆಸ್ವಿಟ್ ಗುರುಗಳ ಸಂಘ) ಸ್ಥಾಪಿಸಿದವರು. 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ಹಾಸಿಗೇಲಿ ಮಲಗಿದ್ರು. ಟೈಂಪಾಸ್‌ಗೆ ಎರಡು ಥರ ಕನಸು ಕಾಣ್ತಿದ್ರು, ಒಂದು ದೊಡ್ಡ ವೀರ ಆಗಿ ರಾಜಮನೆತನದ ಹೆಂಗಸಿನ ಮನಸ್ಸು ಗೆಲ್ಲೋದು, ಇನ್ನೊಂದು ಸಂತರ ಥರ ಬದುಕೋದು. ಎರಡೂ ಕಾಣೋವಾಗ ಖುಷಿನೇ. ವ್ಯತ್ಯಾಸ ಆಮೇಲೆ. ಮೊದಲನೇದು ಮುಗಿದ್ಮೇಲೆ ಒಳಗೆ ಒಣಗಿದಂಗೆ ಆಗ್ತಿತ್ತು, ಎರಡನೇದ್ರ ಸಮಾಧಾನ ಹಾಗೇ ಉಳೀತಿತ್ತು. ಅದನ್ನ ಗಮನಿಸಿದ್ದೇ ಅವರ ವಿವೇಚನೆಗೆಲ್ಲ ಬೇರು. ಸೋ ಕನ್ವೆನ್ಷನ್ ರಾತ್ರಿ ಹೇಗನ್ನಿಸ್ತು ಅಂತ ನೋಡ್ಬೇಡಿ, ಮಂಗಳವಾರ ಮಧ್ಯಾಹ್ನ ಆಫೀಸಲ್ಲಿ ಕೂತಾಗ ಆ ಯೋಚನೆ ಏನನ್ನ ಬಿಟ್ಟುಹೋಗುತ್ತೆ ನೋಡಿ. ಮತ್ತೆ ಅವರ ಇನ್ನೊಂದು ನಿಯಮ, ಮನಸ್ಸು ಕತ್ತಲೇಲಿರೋವಾಗ ಮುಂಚೆ ಮಾಡಿದ್ದ ನಿರ್ಧಾರ ಬದಲಾಯಿಸ್ಬಾರ್ದು. ಅಣ್ಣ ಬಿಟ್ಟು ಬರ್ತೀನಿ ಅಂತ ಫೋನ್ ಮಾಡಿದ್ದಾಗ ಅವನ ಆತ್ಮಿಕ ಮಾರ್ಗದರ್ಶಿ ಫಾದರ್ ಅದನ್ನೇ ಹೇಳಿದ್ದು, ಬಿಡೋದಾದ್ರೆ ಖುಷಿಯಾಗಿರೋ ದಿನ ಬಿಡು ಅಂತ. ಇನ್ನೂ ಅಲ್ಲೇ ಇದಾನೆ.

ಇನ್ನೊಂದು ಇಗ್ನೇಷಿಯಸ್ ಅವರೇ ಹೇಳಿದ್ದು: ಯಾರೋ ಗುರುತಿಲ್ದೇ ಇರೋನು ಬಂದು ಇದೇ ಪ್ರಶ್ನೆ ನಿಮ್ಮನ್ನ ಕೇಳಿದ್ರೆ ಏನು ಹೇಳ್ತೀರೋ, ಅದನ್ನ ನೀವು ಮಾಡಿ.

—

ಅಮ್ಮತ್ತಿ ಅಜ್ಜ:

ಕೊಡಗಿನಲ್ಲೇ ಉದಾಹರಣೆ ಇರುವಾಗ ಪಾಂಪ್ಲೋನಾ ತನಕ ಯಾಕೆ ಹೋಗ್ಬೇಕು ಮಗಳೇ. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಮಂಗಳೂರಿಗೆ ಬಂದವರು. 1843ರಲ್ಲಿ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ. ಕುಮಾರವ್ಯಾಸ, ಬಸವಪುರಾಣ, ದಾಸರ ಪದ ಎಲ್ಲ ಅಚ್ಚು ಹಾಕಿಸಿದ್ರು, ಸುವಾರ್ತೆ ಸಾರೋಕೆ ಬಂದವನಿಗೆ ದಾಸರ ಪದ ಯಾಕೆ ಅಂತ ಈಗಿನ ಕೆಲವು ಪಾಸ್ಟರ್‌ಗಳು ಕೇಳ್ತಾರೆ, ಜನರ ಬಾಯಲ್ಲಿ ಏನಿದೆ ಅಂತ ತಿಳಿಯದೆ ಅವರ ಹತ್ರ ಏನು ಮಾತಾಡ್ತೀರಿ ಸ್ವಾಮಿ? ಆಮೇಲೆ 1853ರ ಹೊತ್ತಿಗೆ ಕೊಡಗಿಗೆ ಬಂದ್ರು. ದರ್ಶನ ಕಂಡು ಅಲ್ಲ, ಆಲ್ಮಂಡ ಸೋಮಯ್ಯ ಅನ್ನೋ ಕೊಡವರು ಕರೆದಿದ್ದಕ್ಕೆ. ಇಲ್ಲಿ ಸಿದ್ದಾಪುರದ ಕಡೆ ಆನಂದಪುರದಲ್ಲಿ ನೆಲೆ ನಿಂತದ್ದು ಬಡ ಕೂಲಿ ಜನರ ಮಧ್ಯೆ. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟು ಜರ್ಮನಿಗೆ ಹೊರಟುಹೋದ್ರು. ಹಾಗಂತ ಕರೆ ಮುಗೀತಾ, ಇಲ್ಲ. ಕಿಟ್ಟೆಲ್ ಡಿಕ್ಷನರಿ ಕೈಗೆತ್ತಿಕೊಂಡಾಗ ಅದರ ಹಿಂದೆ ನಿಂತವರಲ್ಲಿ ಇವರೂ ಒಬ್ಬರು.

ಒಬ್ಬ ಮನುಷ್ಯ ಬಂದು ಬಾ ಅಂತ ಕೇಳಿದ, ಇವರು ಹೋದ್ರು. ನಿನ್ನನ್ನ ಯಾರಾದ್ರೂ ಕೇಳಿದಾರಾ ಮಗಾ?

—

ಸೇವಕರ ಮಗಳು:

ಎಲ್ರೂ ಪೌಲ, ಮೋಗ್ಲಿಂಗ್ ಅಂತೀರ, ನಾನು ಡೊರೊಥಿ ಬಗ್ಗೆ ಹೇಳ್ತೀನಿ. ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದ್ರಲ್ಲ, ಅವರ ಹೆಂಡತಿ. ಮೊದ್ಲು ಬರಲ್ಲ ಅಂದಿದ್ಲು, ಕೊನೆ ಗಳಿಗೇಲಿ ಕೈಗೂಸು ಎತ್ಕೊಂಡು ಹೊರಟಳು. 1794ರಲ್ಲಿ ಮಗ ಪೀಟರ್ ತೀರಿಕೊಂಡ, ಅವಳ ಮನಸ್ಸು ಕೆಟ್ಟುಹೋಯ್ತು, 1807ರಲ್ಲಿ ಸಾಯೋ ತನಕ ಸರಿ ಆಗ್ಲಿಲ್ಲ. ಕೇರಿ ಸಾಕ್ಷಿ ಎಲ್ಲಾ ಕನ್ವೆನ್ಷನ್‌ನಲ್ಲೂ ಹೇಳ್ತಾರೆ, ಇದನ್ನ ಹೇಳಲ್ಲ. ನೀವು ಮದುವೆ ಆಗೋ ಹುಡುಗಿಗೆ ಮೊದಲ ದಿನವೇ ಹೇಳಿ. ನಮ್ಮಪ್ಪ ಒಳ್ಳೆ ಸೇವಕರು, ಸಾವಿರಾರು ಜನಕ್ಕೆ ಪ್ರಾರ್ಥನೆ ಮಾಡಿದಾರೆ, ನಾನು ಎಷ್ಟನೇ ಕ್ಲಾಸ್ ಅಂತ ಅವರಿಗೆ ಅಮ್ಮನೇ ಹೇಳ್ಬೇಕಿತ್ತು.

—

ಸುಂಟಿಕೊಪ್ಪದವ:

ಎಲ್ರಿಗೂ ಥ್ಯಾಂಕ್ಸ್. ಟೀಚರ್, ನಿಮ್ಮ ಮಾತು ಸ್ವಲ್ಪ ಚುಚ್ಚಿತು, ಆದ್ರೆ ಒಂದು ಕೇಳ್ಲಾ? ಪಕ್ಕದ ಲೈನ್ ಮನೆನೇ ಮಿಷನ್ ಫೀಲ್ಡ್ ಅಂತ ಎಲ್ರೂ ಹೇಳ್ತಾರೆ, ಹಾಗೆ ಹೇಳೋರು ಪಕ್ಕದ ಲೈನ್ ಮನೆಗೂ ಹೋಗಲ್ಲ, ದೂರಕ್ಕೂ ಹೋಗಲ್ಲ. ಹೋಗ್ದೇ ಇರೋಕೆ ಅದೊಂದು ಒಳ್ಳೆ ನೆಪ ಆಗಲ್ವಾ?

ಅಜ್ಜ, ನೀವು ಕೇಳಿದ್ದಕ್ಕೆ: ಒಬ್ಬ ಕೇಳಿದಾನೆ. ಅಪ್ಪನ ಪಕ್ಕದ ತೋಟದಲ್ಲಿ ಜಾರ್ಖಂಡ್ ಗುಮ್ಲಾ ಕಡೆಯವನೊಬ್ಬ ಇದಾನೆ. ಶನಿವಾರ ಬಟವಾಡೆ ಆದ್ಮೇಲೆ ಮನೆಗೆ ದುಡ್ಡು ಕಳಿಸೋಕೆ ಬರಲ್ಲ ಅಂತ ನನ್ನ ಹತ್ರ ಬರ್ತಾನೆ, ಫೋನ್ ಕೈಗೆ ಕೊಟ್ಟು ಪಿನ್ನೂ ಅವನೇ ಹೇಳ್ಬಿಡ್ತಾನೆ, ಬೇಡ ಕಣೋ ಯಾರಿಗೂ ಹೇಳ್ಬಾರ್ದು ಅಂದ್ರೂ ಕೇಳಲ್ಲ. ಅವನೇ ಒಂದ್ಸಲ ನಮ್ಮೂರಿಗೆ ಬನ್ನಿ ಅಂದಿದ್ದ. ಅದನ್ನ ಕರೆ ಅಂತ ನಾನು ಲೆಕ್ಕಕ್ಕೇ ತಗೊಂಡಿರ್ಲಿಲ್ಲ.

—

ಮಡಿಕೇರಿ ಟೀಚರ್:

ನೆಪ ಆಗುತ್ತೆ, ಖಂಡಿತ ಆಗುತ್ತೆ. ನಮ್ಮ ಸಭೇಲೂ ಹಾಗೇ ಆಗಿದೆ, ನಿನ್ನ ಸಿಟ್ಟು ನ್ಯಾಯವಾದದ್ದೇ. ಅದಕ್ಕೇ ಹೇಳ್ತೀನಿ, ಬರೋ ಶನಿವಾರ ದುಡ್ಡು ಕಳಿಸಿ ಕೊಟ್ಮೇಲೆ ಅವನ ಭಾಷೇಲಿ ನಾಲ್ಕು ಮಾತು ಕಲಿಯೋಕೆ ಶುರು ಮಾಡು. ಒಂದು ಎಚ್ಚರಿಕೆ, ಅವನಿಗೆ ನಿನ್ನಿಂದ ಸಹಾಯ ಬೇಕು ಅನ್ನೋ ಹೊತ್ತಲ್ಲೇ ಟ್ರ್ಯಾಕ್ಟ್ (ಸುವಾರ್ತೆ ಕರಪತ್ರ) ಕೈಗೆ ಕೊಡ್ಬೇಡ. ಪಾಪ, ಬೇಡ ಅನ್ನೋಕೆ ಅವನಿಗೆ ಆಗಲ್ಲ, ಅದು ಸುವಾರ್ತೆ ಆಗಲ್ಲ, ಒತ್ತಡ ಆಗುತ್ತೆ. ಅವನೇ ಕೇಳಿದ ದಿನ ಹೇಳು. ಗುಮ್ಲಾ ಕಡೆ ಸಭೆಗಳೂ ಬೇಕಾದಷ್ಟಿವೆ, ಅವನು ನಿನಗಿಂತ ಹಳೇ ಕ್ರೈಸ್ತನೇ ಆಗಿದ್ರೂ ಆಶ್ಚರ್ಯ ಇಲ್ಲ, ಕೇಳಿ ನೋಡು ಮೊದ್ಲು.

—

ವಾಪಸ್ ಬಂದವ:

ಗುಮ್ಲಾ ಅಂದ್ರೆ ಹೆಚ್ಚಾಗಿ ಸಾದ್ರಿ ಇಲ್ಲಾಂದ್ರೆ ಕುರುಖ್. ನನ್ನ ಹಳೇ ನೋಟ್‌ಬುಕ್ ಅಟ್ಟದಲ್ಲಿ ಎಲ್ಲೋ ಇರ್ಬೇಕು, ಗೆದ್ದಲು ಹಿಡಿದಿಲ್ದಿದ್ರೆ ಫೋಟೋ ತೆಗೆದು ಕಳಿಸ್ತೀನಿ.

—

ಸುಂಟಿಕೊಪ್ಪದವ:

ಕಳಿಸಿ ಅಣ್ಣಾ. ಆದಿತ್ಯವಾರ ಆರಾಧನೆ ಆದ್ಮೇಲೆ ಸಭಾಪಾಲಕರ ಹತ್ರ ಮಾತಾಡ್ತೀನಿ, ಅದಕ್ಕಿಂತ ಮುಂಚೆ ಇವತ್ತು ರಾತ್ರಿ ಅಪ್ಪನಿಗೆ ಹೇಳ್ಬೇಕು. ರಾಜೀನಾಮೆ ಸದ್ಯಕ್ಕಿಲ್ಲ, ಹೂಮಳೆ ಆದ್ಮೇಲೆ ರಜೆ ಹಾಕಿ ಅವನು ಊರಿಗೆ ಹೋಗೋವಾಗ ಜೊತೇಲಿ ಹೋಗೋಣ ಅಂತ ಇದೀನಿ. ಆ ಟೈಮಲ್ಲಿ ರಾಂಚಿಗೆ ಟ್ರೈನ್ ಟಿಕೆಟ್ ಎಷ್ಟು ದಿನ ಮುಂಚೆ ಬುಕ್ ಮಾಡ್ಬೇಕು, ಯಾರಿಗಾದ್ರೂ ಗೊತ್ತಾ?