ಫಿಸ್ಟುಲಾಗೆ ಭಗಂದರ ಅನ್ನಬಹುದೇ? ಕಿಡ್ನಿ ಕಾಯಿಲೆಯ ಕೆಲವು ಪದಗಳು

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಬಲ್ಲವರು ಹೇಳಿ.

ಮೊದಲನೆಯದು ಫಿಸ್ಟುಲಾ. ನಿಘಂಟು ತೆಗೆದರೆ ಭಗಂದರ ಎಂದು ಸಿಗುತ್ತದೆ. ಆದರೆ ಭಗಂದರ ಗುದದ್ವಾರದ ಪಕ್ಕ ಆಗುವ ಕಾಯಿಲೆ. ಡಯಾಲಿಸಿಸ್‌ನವರ ಫಿಸ್ಟುಲಾ ಇರುವುದು ಕೈಯಲ್ಲಿ. ಅದು ಕಾಯಿಲೆಯೂ ಅಲ್ಲ, ಹುಣ್ಣೂ ಅಲ್ಲ. ಸರ್ಜನ್ ಬೇಕೆಂದೇ ಒಂದು ಅಪಧಮನಿಯನ್ನು (ಹೃದಯದಿಂದ ರಕ್ತ ತರುವ ನಾಳ) ಪಕ್ಕದ ಅಭಿಧಮನಿಗೆ (ಹೃದಯಕ್ಕೆ ರಕ್ತ ಮರಳಿಸುವ ನಾಳ) ಸೇರಿಸಿ ಹೊಲಿದಿರುತ್ತಾರೆ. ರಕ್ತ ರಭಸದಿಂದ ನುಗ್ಗಿ ಅಭಿಧಮನಿ ಹಿಗ್ಗುತ್ತದೆ, ಅದರ ಗೋಡೆ ದಪ್ಪವಾಗುತ್ತದೆ. ಆಮೇಲೆ ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ಸಲ ದಪ್ಪ ಸೂಜಿ ಚುಚ್ಚಿದರೂ ತಡೆದುಕೊಳ್ಳುತ್ತದೆ. ಇದಕ್ಕೆ ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಬೇಕು. ಫಿಸ್ಟುಲಾ 'ಮೆಚೂರ್' ಆಗಬೇಕು ಅನ್ನುತ್ತಾರಲ್ಲ, ಅದಕ್ಕೆ 'ಬಲಿಯಬೇಕು' ಎಂದು ಬರೆದಿದ್ದೇನೆ. ಆ ಪದ ಚೆನ್ನಾಗಿ ಕೂತಿದೆ ಅನಿಸುತ್ತದೆ. ಫಿಸ್ಟುಲಾವನ್ನು ಮಾತ್ರ ಹಾಗೇ ಬಿಡುವುದೇ ಮೇಲು. ರೋಗಿಗೆ ಸಿಸ್ಟರ್ ಹೇಳುವುದೂ ಅದನ್ನೇ ಅಲ್ವಾ?

ಅದರ ಮೇಲೆ ಬೆರಳಿಟ್ಟರೆ ಒಂದು ಅದುರು ಗೊತ್ತಾಗುತ್ತದೆ. ವೈದ್ಯರ ಭಾಷೆಯಲ್ಲಿ ಅದು 'ಥ್ರಿಲ್'. ಅದು ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ತಿಳಿಸಬೇಕು. ಇಂಥ ಕಡೆ ಪದ ತಪ್ಪುವ ಹಾಗಿಲ್ಲ. ಮೊದಲ ಕರಡಿನಲ್ಲಿ ಯಾರೋ 'ಜುಮ್ಮೆನ್ನುವುದು' ಎಂದು ಹಾಕಿದ್ದಾರೆ. ಜುಮ್ಮೆನ್ನುವುದು ಕೈ ಮರಗಟ್ಟಿದಾಗ ಒಳಗಿನಿಂದ ಆಗುವ ಅನುಭವ. ಇದು ಹೊರಗಿನಿಂದ ಮುಟ್ಟಿ ನೋಡುವಂಥದ್ದು. 'ಅದುರು' ಸಾಕೇ, ಇನ್ನೂ ಒಳ್ಳೆಯ ಪದ ಇದೆಯೇ?

ನನ್ನನ್ನು ಹೆಚ್ಚು ಕಾಡಿದ್ದು 'ಎಂಡ್ ಸ್ಟೇಜ್'. 'ಅಂತಿಮ ಹಂತದ ಮೂತ್ರಪಿಂಡ ಕಾಯಿಲೆ' ಎಂದು ಎಲ್ಲೆಡೆ ಬರೆಯುತ್ತಾರೆ. ವ್ಯಾಕರಣ ಸರಿ, ಕೇಳುವವರ ಎದೆ ಮಾತ್ರ ಧಸಕ್ ಅನ್ನುತ್ತದೆ. ಕೊನೆ ಮುಟ್ಟಿರುವುದು ಕಿಡ್ನಿಯ ಕೆಲಸ, ಮನುಷ್ಯನ ಆಯುಸ್ಸಲ್ಲ. ಡಯಾಲಿಸಿಸ್ ಅಥವಾ ಕಸಿಯಿಂದ ವರ್ಷಗಟ್ಟಲೆ ಬದುಕುವವರು ಬಹಳ ಮಂದಿ. ಇಜಿಎಫ್‌ಆರ್ (ಕಿಡ್ನಿ ಎಷ್ಟರ ಮಟ್ಟಿಗೆ ರಕ್ತ ಸೋಸುತ್ತಿದೆ ಎಂಬ ಅಂದಾಜು) 15ಕ್ಕಿಂತ ಕೆಳಗಿಳಿದರೆ ಐದನೇ ಹಂತ. ಅದನ್ನು ಸುಮ್ನೆ 'ಐದನೇ ಹಂತ' ಎಂದೇ ಕರೆದು, 'ಕಿಡ್ನಿ ಕೆಲಸ ಬಹುಮಟ್ಟಿಗೆ ನಿಂತಿದೆ' ಎಂದು ವಿವರಿಸಿದರೆ ಆಗದೇ?

ಇದೇ ಜಾತಿಯ ಇನ್ನೊಂದು ತೊಡಕು ಅಕ್ಯೂಟ್ ಮತ್ತು ಕ್ರಾನಿಕ್. ಅಕ್ಯೂಟ್‌ಗೆ 'ತೀವ್ರ' ಎಂಬುದು ರೂಢಿ. ಓದಿದವರು ಅದನ್ನು 'ಜೋರಾದ, ಕೆಟ್ಟ' ಎಂದೇ ತಿಳಿಯುತ್ತಾರೆ. ಅಕ್ಯೂಟ್ ಅಂದರೆ ಗಂಟೆಗಳಲ್ಲೋ ದಿನಗಳಲ್ಲೋ ದಿಢೀರನೆ ಆದದ್ದು. ಕಾರಣ ಸರಿಪಡಿಸಿದರೆ ಎಷ್ಟೋ ಸಲ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಕ್ರಾನಿಕ್ ಅಂದರೆ ಮೂರು ತಿಂಗಳಿಗಿಂತ ಜಾಸ್ತಿ ಉಳಿದದ್ದು, ಸಾಮಾನ್ಯವಾಗಿ ಹಿಂದಕ್ಕೆ ಹೋಗದು. 'ದಿಢೀರ್' ಮತ್ತು 'ಬಹುಕಾಲದ' ಎಂಬ ಜೋಡಿ ನನಗೆ ಇಷ್ಟ. ಕೆಲವರಿಗೆ ದಿಢೀರ್ ಹಗುರ ಅನಿಸಬಹುದು.

'ಡ್ರೈ ವೇಟ್'ಗೆ 'ಒಣ ತೂಕ' ಎಂದರೆ ಕೊಬ್ಬರಿ ತೂಗಿದ ಹಾಗಿದೆ. ಮೂತ್ರ ಕಡಿಮೆಯಾದವರಿಗೆ ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ನೀರು ನಿಲ್ಲುತ್ತದೆ. ಒಂದು ಲೀಟರ್ ನೀರಿಗೆ ಸುಮಾರು ಒಂದು ಕಿಲೋ ತೂಕ. ಆ ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ ಇದು. ಇದಕ್ಕಿಂತ ಕೆಳಗೆ ಎಳೆದರೆ ಬಿಪಿ ಬೀಳುತ್ತದೆ, ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ. ಮೈಕೈ ತುಂಬಿಕೊಂಡರೆ ಈ ತೂಕವನ್ನೂ ವೈದ್ಯರು ಬದಲಿಸುತ್ತಾರೆ. ಸದ್ಯಕ್ಕೆ 'ನೀರಿಳಿದ ತೂಕ' ಎಂದು ಇಟ್ಟಿದ್ದೇನೆ.

ಮೂತ್ರಕೋಶ ಅಂದರೆ ಮೂತ್ರ ತುಂಬಿಕೊಳ್ಳುವ ಚೀಲ. ಅದನ್ನೇ ಕಿಡ್ನಿಗೂ ಬಳಸುವವರಿದ್ದಾರೆ, ದಯವಿಟ್ಟು ಬೇಡ. ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಕಸಗಳಾದ ಕ್ರಿಯಾಟಿನಿನ್, ಯೂರಿಯಾ ಎಂಬ ಹೆಸರುಗಳು ಲ್ಯಾಬ್ ರಿಪೋರ್ಟಿನಲ್ಲಿ ಇರುವ ಹಾಗೇ ಇರಲಿ. ಕ್ರಿಯಾಟಿನಿನ್ ಏರಿದರೆ ಇಜಿಎಫ್‌ಆರ್ ಇಳಿಯುತ್ತದೆ ಎಂಬ ಒಂದು ಸಾಲು ಜೊತೆಗಿದ್ದರೆ ಆಯಿತು.

ಕೊನೆಯದಾಗಿ, ನರ. ಆಡುಮಾತಿನಲ್ಲಿ 'ನರ ಸಿಗಲಿಲ್ಲ, ಮತ್ತೆ ಚುಚ್ಚಿದರು' ಎನ್ನುವಾಗ ನರ ಅಂದರೆ ರಕ್ತನಾಳ. ಪುಸ್ತಕದಲ್ಲಿ ಅದೇ ನರ ಮಿದುಳಿನ ಸುದ್ದಿ ಸಾಗಿಸುವ ತಂತು. ಕೈಪಿಡಿ ಓದುವವರಿಗೆ ಅಪಧಮನಿ, ಅಭಿಧಮನಿ ಎರಡೂ ಅಪರಿಚಿತ. 'ಕೈಯ ನರ' ಎಂದು ಬರೆದರೆ ವೈದ್ಯರು ತಕರಾರು ಮಾಡುತ್ತಾರೆ, 'ರಕ್ತನಾಳ' ಎಂದರೆ ಎರಡರ ವ್ಯತ್ಯಾಸ ಸಿಗುವುದಿಲ್ಲ. ನೀವಾದರೆ ಏನು ಬರೆಯುತ್ತೀರಿ?