‘ಬಳಕೆ ಶುಲ್ಕ’ ಎನ್ನಬಹುದೇ?

ಬಾಡಿಗೆ ಕರಾರುಪತ್ರದ ಮಾದರಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅಪಾರ್ಟ್‌ಮೆಂಟಿನ ನೀರು, ವಿದ್ಯುತ್ತುಗಳ ಒಟ್ಟು ಬಿಲ್ಲನ್ನು ಬಾಡಿಗೆದಾರರಿಂದ ವಸೂಲು ಮಾಡುವ ಕ್ರಮಕ್ಕೆ ಯಾವ ಪದ ಸರಿಹೊಂದೀತು ಎಂಬ ಬಗ್ಗೆ ಬಲ್ಲವರ ಅಭಿಪ್ರಾಯ ಕೋರುತ್ತೇನೆ.

ಮನೆಮನೆಗೂ ಉಪಮೀಟರ್ ಇದ್ದರೆ ಅದು ತೋರಿಸಿದಷ್ಟಕ್ಕೆ ಹಣ ಕೊಡುತ್ತಾರೆ; ಅದನ್ನು ‘ಬಳಕೆ ಶುಲ್ಕ’ ಎನ್ನುವುದಕ್ಕೆ ಯಾರ ತಕರಾರೂ ಇರಲಾರದು. ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇರುವಲ್ಲಿ ತೊಡಕು. ಅಲ್ಲಿ ಲಿಫ್ಟು, ಮೆಟ್ಟಿಲ ದೀಪ, ತೋಟ ಮುಂತಾದವುಗಳ ಬಾಬ್ತು ಕಳೆದು, ಉಳಿದುದನ್ನು ಮನೆಯ ವಿಸ್ತೀರ್ಣವನ್ನೋ ವಾಸಿಸುವವರ ಸಂಖ್ಯೆಯನ್ನೋ ಆಧರಿಸಿ ಹಂಚುತ್ತಾರೆ. ಉದಾಹರಣೆಗೆ, ಬಿಲ್ಲಿನ ಶೇ. 20ರಷ್ಟನ್ನು ಮಾಲೀಕರೇ ಭರಿಸಿ ಉಳಿದುದನ್ನು ವಿಸ್ತೀರ್ಣದ ಮೇಲೆ ಹಂಚಿದರೆ, ಬಾಡಿಗೆ ಮನೆಗಳ ಒಟ್ಟು ವಿಸ್ತೀರ್ಣದಲ್ಲಿ ಹತ್ತನೆಯ ಒಂದು ಭಾಗವಿರುವ ಮನೆಗೆ ಒಟ್ಟು ಬಿಲ್ಲಿನ ಶೇ. 8 ಬೀಳುತ್ತದೆ. ಆ ಮನೆಯವರು ತಿಂಗಳಿಡೀ ಬೀಗ ಹಾಕಿಕೊಂಡು ಹೋಗಿದ್ದರೂ ಅಷ್ಟೇ. ಇಂಥ ಮೊತ್ತದ ರಸೀದಿಯಲ್ಲಿಯೂ ‘ನೀರಿನ ಬಳಕೆ ಶುಲ್ಕ’ ಎಂದು ಬರೆದರೆ, ಅಳೆಯದೇ ಇದ್ದುದನ್ನು ಅಳೆದಂತೆ ತೋರಿಸಿದ ಹಾಗಾಗುತ್ತದೆ ಎಂಬುದು ನನ್ನ ಆಕ್ಷೇಪ.

‘ಪಾಲು’ ಎನ್ನೋಣವೆಂದರೆ, ಕರಾರುಪತ್ರದಲ್ಲಿ ಅದು ಪಾಲುಪಟ್ಟಿಯ, ಅಂದರೆ ಆಸ್ತಿಹಕ್ಕಿನ ವಾಸನೆ ಹೊತ್ತು ಬರುತ್ತದೆ, ‘ಹಿಸ್ಸೆ’ಯೂ ಹಾಗೆಯೇ. ‘ವಂತಿಗೆ’ಯಲ್ಲಿ ಕೊಡುವವರ ಒಪ್ಪಿಗೆ ಸೇರಿಕೊಂಡಿದೆ, ಬಿಲ್ಲು ಹಾಗಲ್ಲ. ‘ತಲಾ’ ಎಂಬುದು ಆಳಿಗಿಷ್ಟು ಎಂಬ ಲೆಕ್ಕಕ್ಕೆ ಸರಿ, ವಿಸ್ತೀರ್ಣದ ಲೆಕ್ಕಕ್ಕೆ ಒಗ್ಗದು. ‘ಸಾಮಾನ್ಯ ವೆಚ್ಚ’ವನ್ನಂತೂ (ಅನುವಾದಕರಿಗೆ ಇದು ಬಲು ಪ್ರಿಯ) ಓದುಗರು ಮಾಮೂಲಿ ಖರ್ಚೆಂದೇ ತಿಳಿದಾರು. ‘ಹಂಚಿಕೆ ಶುಲ್ಕ’ ಎಂದು ಬರೆದು ನೋಡಿದೆ. ಹಂಚುವ ಕೆಲಸಕ್ಕೇ ತೆಗೆದುಕೊಳ್ಳುವ ಕೂಲಿ ಎಂಬ ಅರ್ಥ ಅದರಲ್ಲಿ ಇಣುಕುತ್ತದೆ. ಬಿಲ್ ತಯಾರಿಸುವವರು ಅಂಥ ಸೇವಾಶುಲ್ಕವನ್ನು ಬೇರೆಯಾಗಿ ವಿಧಿಸುವುದೂ ಇರುವುದರಿಂದ ಗೊಂದಲ ಖಚಿತ. ಆದ್ದರಿಂದ ಸದ್ಯಕ್ಕೆ ‘ಹಂಚಿಕೆ ಮೊತ್ತ’ ಎಂದು ಇಟ್ಟುಕೊಂಡಿದ್ದೇನೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಎರಡೂ ಕ್ರಮಗಳು ಒಂದೇ ಬಿಲ್ಲಿನಲ್ಲಿ ಬೆರೆಯುವುದುಂಟು: ಜರ್ಮನಿಯಲ್ಲಿ ಕೇಂದ್ರೀಯ ತಾಪನ ವ್ಯವಸ್ಥೆಯ (ಇಡೀ ಕಟ್ಟಡದ ಮನೆಗಳನ್ನು ಒಂದೆಡೆಯಿಂದಲೇ ಬೆಚ್ಚಗಿಡುವ ಏರ್ಪಾಡಿನ) ವೆಚ್ಚದ ಶೇ. 50ರಿಂದ 70ರಷ್ಟನ್ನು ಆಯಾ ಮನೆಯ ಬಳಕೆಯ ಮೇಲೆಯೂ ಉಳಿದುದನ್ನು ವಿಸ್ತೀರ್ಣದಂಥ ಸ್ಥಿರ ಮಾನದಂಡದ ಮೇಲೆಯೂ ಲೆಕ್ಕ ಹಾಕಬೇಕೆಂಬ ನಿಯಮವಿದೆ. ಇಂಥ ಬಿಲ್ಲಿನ ಒಳಸಾಲುಗಳಿಗೆ ‘ಬಳಕೆ ಶುಲ್ಕ’, ‘ಹಂಚಿಕೆ ಮೊತ್ತ’ ಎಂಬೆರಡು ಹೆಸರು ಸಾಕು. ಎರಡನ್ನೂ ಒಳಗೊಂಡ ಶಿರೋನಾಮೆಗೆ ‘ನೀರಿನ ಬಾಬ್ತು’, ‘ತಾಪನದ ಬಾಬ್ತು’ ಎನ್ನುವುದು ಕರಾರಿನ ಭಾಷೆಗೆ ಸಾಕಷ್ಟು ನಿಖರವೇ, ಅಥವಾ ಇದಕ್ಕಿಂತ ಬಿಗಿಯಾದ ಪದ ಬಳಕೆಯಲ್ಲಿದೆಯೇ?